ಇಂಗಾಲದ ಎಳೆಗೂ ಗಂಜಿ ಬೇಕು

ಬಟ್ಟೆ ಗಿರಣಿಯ ಸಂಬಂಧವುಳ್ಳ ವಾಚಕ ಬಂಧುಗಳಿಗೆ ಸೈಜಿಂಗ್ ಖಾತೆ ಹೊಸದಲ್ಲ. ಹಾಸುನೂಲು ಮಗ್ಗಕ್ಕೆ ಏರುವ ಮೊದಲು ಅದಕ್ಕೆ ಅಲ್ಲಿ ಗಂಜಿ ಹಿಡಿಸುತ್ತಾರೆ. ಗಂಜಿ ಕಾಣದ ನೂಲು ಮಗ್ಗದ ಉಜ್ಜಾಟವನ್ನು ತಾಳಲಾರದೆ ತುಂಡಾಗುತ್ತದೆ. ಪರೇಲ್, ಲಾಲ್‌ಬಾಗ್ ಕಡೆಯ ಗಿರಣಿಗಳು 1982ರ ಮುಷ್ಕರದ ತರುವಾಯ ಒಂದೊಂದಾಗಿ ಮುಚ್ಚಿದರೂ ಭಿವಂಡಿಯಲ್ಲಿ ಈ ಕಸುಬು ಇಂದಿಗೂ ನಡೆದಿದೆ. ಇದೇ ‘ಸೈಜಿಂಗ್’ ಎಂಬ ಮಾತು ವಿಮಾನ ಕಟ್ಟುವವರ ಬಾಯಲ್ಲಿಯೂ ಇದೆಯೆಂದರೆ ಕೆಲವರಿಗೆ ಸೋಜಿಗವಾದೀತು. ಈ ಸಲದ ಪಾಠ ಅದನ್ನು ಕುರಿತದ್ದು.

ಅಕ್ರಿಲಿಕ್ ಜಾತಿಯ ನೂಲನ್ನು ಮೊದಲು ಗಾಳಿಯಲ್ಲಿ 200ರಿಂದ 300 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹದಮಾಡಿ, ಬಳಿಕ ಆಮ್ಲಜನಕವಿಲ್ಲದ ಕುಲುಮೆಯಲ್ಲಿ 1000 ಡಿಗ್ರಿಗೂ ಮೇಲೆ ಕಾಯಿಸಿದರೆ ಇಂಗಾಲದ ಎಳೆ ಉಳಿಯುತ್ತದೆ. ಅದರ ದಪ್ಪ ತಲೆಗೂದಲಿನ ಸುಮಾರು ಹತ್ತನೆಯ ಒಂದು ಪಾಲು. ತೂಕಕ್ಕೆ ತೂಕ ಹೋಲಿಸಿದರೆ ಅದು ಉಕ್ಕಿಗಿಂತ ಬಲವಾದುದು. ಆದರೆ ಬಿಡಿ ಎಳೆಗಳಿಂದ ರೆಕ್ಕೆಯಾಗದು. ಅವನ್ನು ಯಾವುದಾದರೊಂದು ರಾಳದಲ್ಲಿ ಹುದುಗಿಸಬೇಕು. 2001ರ ಜನವರಿ 4ರಂದು ಬೆಂಗಳೂರಿನಲ್ಲಿ ಮೊದಲು ಹಾರಿದ ತೇಜಸ್ ವಿಮಾನದ ಒಡಲಿನ ತೂಕದಲ್ಲಿ ಶೇಕಡಾ 45ರಷ್ಟು ಇಂಥ ಕೂಡುವಸ್ತುವೇ. ಅದರ ಹಲವು ಭಾಗಗಳನ್ನು ಅಲ್ಲಿಯ ನ್ಯಾಷನಲ್ ಏರೋಸ್ಪೇಸ್ ಲ್ಯಾಬೊರೇಟರೀಸ್ ಸಿದ್ಧಪಡಿಸಿತು.

ಅಲ್ಲಿ ಬಳಸಿದ್ದು ಎಪಾಕ್ಸಿ ರಾಳ. ಅದು ಸುಟ್ಟ ಇಟ್ಟಿಗೆಯಂತೆ: ಒಮ್ಮೆ ಗಟ್ಟಿಯಾದರೆ ಮತ್ತೆ ಮೆದುವಾಗದು. ಥರ್ಮೋಪ್ಲಾಸ್ಟಿಕ್ ಎಂಬ ಇನ್ನೊಂದು ಬಗೆ ಮೇಣದಂತೆ: ಕಾಯಿಸಿದರೆ ಕರಗುತ್ತದೆ, ಆರಿದರೆ ಗಟ್ಟಿಯಾಗುತ್ತದೆ. ನಮ್ಮ ಬಚ್ಚಲಿನ ಬಕೆಟ್ಟಿನ ಪಾಲಿಪ್ರಾಪಿಲೀನ್, ನೈಲಾನ್, ವಿಮಾನಗಳಲ್ಲಿ ಬಳಸುವ ಪೀಕ್, ಇವೆಲ್ಲ ಈ ಜಾತಿಯವು. ಇವುಗಳಿಂದ ಮಾಡಿದ ಭಾಗಗಳನ್ನು ಬಿಸಿಯಿಂದ ಬೆಸೆಯಬಹುದು, ಹಳತಾದರೆ ಕರಗಿಸಿ ಮತ್ತೆ ಉಪಯೋಗಿಸಬಹುದು. ಏರ್‌ಬಸ್ ಎ-350 ವಿಮಾನದ ಒಡಲಿನಲ್ಲಿ ಇಂಥ ಸಾವಿರಾರು ಕೊಂಡಿಗಳಿವೆ.

ತೊಡಕಿರುವುದು ಅಂಟಿನಲ್ಲಿ. ಮೊದಲನೆಯದಾಗಿ, ಇಂಗಾಲದ ಎಳೆಯ ಮೈ ನುಣುಪು, ಬೇರೆ ವಸ್ತುವಿನೊಡನೆ ಸುಲಭವಾಗಿ ಕೂಡದು. ಎರಡನೆಯದಾಗಿ, ಕರಗಿದ ಪ್ಲಾಸ್ಟಿಕ್ ಬೆಲ್ಲದ ಪಾಕಕ್ಕಿಂತಲೂ ಮಂದ, ಸಾವಿರಾರು ಎಳೆಗಳ ಸಂದಿಯಲ್ಲಿ ಅದು ನುಸುಳದು. ಮೂರನೆಯದಾಗಿ, ಪೇಟೆಗೆ ಬರುವ ಎಳೆಗೆ ಸಾಮಾನ್ಯವಾಗಿ ಎಪಾಕ್ಸಿಗೆ ಒಗ್ಗುವ ಗಂಜಿಯನ್ನೇ ಹಿಡಿಸಿರುತ್ತಾರೆ. ಪೀಕ್ ಕರಗುವುದು 343 ಡಿಗ್ರಿಯಲ್ಲಿ. ಆ ಬಿಸಿಗೆ ಈ ಗಂಜಿ ಕೆಟ್ಟುಹೋಗುತ್ತದೆ. ಹತ್ತಿಗೆ ಒಪ್ಪುವ ಪಿಷ್ಟದ ಗಂಜಿ ಪಾಲಿಯೆಸ್ಟರ್ ನೂಲಿಗೆ ಸರಿಯಾಗಿ ಹಿಡಿಯದೆ, ಗಿರಣಿಗಳು ಪಾಲಿವಿನೈಲ್ ಆಲ್ಕೊಹಾಲನ್ನು ತಂದುಕೊಂಡದ್ದನ್ನು ಇಲ್ಲಿ ನೆನೆಯಬಹುದು.

ಪರಿಹಾರವೂ ಗಿರಣಿಯ ಕ್ರಮದಂತೆಯೇ ಇದೆ. ಹಳೆಯ ಗಂಜಿಯನ್ನು ಕಾಯಿಸಿಯೋ ದ್ರಾವಕದಲ್ಲಿ ತೊಳೆದೋ ತೆಗೆಯುತ್ತಾರೆ. ವಿದ್ಯುತ್ತಿನಿಂದಲೋ ಪ್ಲಾಸ್ಮಾದಿಂದಲೋ ಎಳೆಯ ಮೈಮೇಲೆ ಆಮ್ಲಜನಕದ ಗುಂಪುಗಳನ್ನು ಮೂಡಿಸುತ್ತಾರೆ. ಅಂಟಿಗೆ ಅವೇ ಹಿಡಿಕೆ. ಅನಂತರ ಆಯಾ ಪ್ಲಾಸ್ಟಿಕ್ಕಿಗೆ ಒಗ್ಗುವ ಹೊಸ ಗಂಜಿ. ಪಾಲಿಪ್ರಾಪಿಲೀನ್‌ಗಾದರೆ ಮ್ಯಾಲೆಯಿಕ್ ಅನ್‌ಹೈಡ್ರೈಡ್ ಕಸಿಮಾಡಿದ ಪಾಲಿಪ್ರಾಪಿಲೀನನ್ನು ಬೆರೆಸುವುದುಂಟು. ಅದರ ಒಂದು ಕೈ ಎಳೆಯನ್ನು ಹಿಡಿದರೆ ಇನ್ನೊಂದು ಕೈ ಪ್ಲಾಸ್ಟಿಕ್ಕನ್ನು ಹಿಡಿಯುತ್ತದೆ.

ಫಲವನ್ನು ತಿಳಿಯುವುದು ಹೇಗೆ? ತುಂಡನ್ನು ಮುರಿದು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಎಳೆಗಳು ಬರಿಮೈಯಲ್ಲಿ ಹೊರಬಂದಿದ್ದರೆ ಅಂಟು ಸೋತಿದೆ. ಪ್ಲಾಸ್ಟಿಕ್ ಮೆತ್ತಿಕೊಂಡಿದ್ದರೆ ಗೆದ್ದಿದೆ. ಆದರೆ ಅತಿಯೂ ಸಲ್ಲದು. ಬಂಧನ ಮಿತಿಮೀರಿ ಬಿಗಿಯಾದರೆ ಬಿರುಕು ಎಳೆಗಳನ್ನೇ ಸೀಳಿಕೊಂಡು ನೇರವಾಗಿ ಓಡುತ್ತದೆ, ವಸ್ತು ಹಠಾತ್ತನೆ ಮುರಿಯುತ್ತದೆ.

ಹೊರಗಿನ ಹೊರೆ ಪ್ಲಾಸ್ಟಿಕ್ಕಿನಿಂದ ಎಳೆಗೆ ಸಾಗುವುದು ಇವೆರಡೂ ಕೂಡುವ ಎಡೆಯಿಂದಲೇ. ಅಲ್ಲಿ ಹಿಡಿತ ತಪ್ಪಿದರೆ ಎಳೆಯ ಬಲವೆಲ್ಲ ವ್ಯರ್ಥ. ಹಾರುವವರ ಪ್ರಾಣ ನಿಂತಿರುವುದು ಕಣ್ಣಿಗೆ ಕಾಣದ ಈ ಗಂಜಿಯ ಮೇಲೂ ಹೌದು.

ಮನೆಯಲ್ಲಿ ಮಾಡಿ ನೋಡಿ: ಚೆನ್ನಾಗಿ ತೊಳೆದ ಗಾಜಿನ ಮೇಲೆ ಒಂದು ಹನಿ ನೀರು, ಪ್ಲಾಸ್ಟಿಕ್ ಬಕೆಟ್ಟಿನ ಮೇಲೆ ಇನ್ನೊಂದು ಹನಿ ಬಿಡಿ. ಯಾವುದು ಹರಡಿತು, ಯಾವುದು ಗುಂಡಗೆ ನಿಂತಿತು? ಚೆನ್ನಾಗಿ ಹರಡದ ದ್ರವ ಚೆನ್ನಾಗಿ ಅಂಟುವುದೂ ಇಲ್ಲ. ಈ ಪಾಠದ ಸಾರ ಅಷ್ಟೇ.