ಕಫದ ಡಬ್ಬಿಯೊಳಗಿನ ನಾಲ್ಕು ಅಕ್ಷರ

ಮೂರು ವಾರದಿಂದ ಕೆಮ್ಮು. ಸಂಜೆಯಾದರೆ ಸಣ್ಣಗೆ ಜ್ವರ. ಊಟ ಸೇರದು, ತೂಕ ಇಳಿದಿದೆ. ವೈದ್ಯರು ಕಫ ಪರೀಕ್ಷೆಗೆ ಬರೆದುಕೊಡುತ್ತಾರೆ. ಚೀಟಿಯಲ್ಲಿ 'ಸಿಬಿನ್ಯಾಟ್' ಎಂದೋ 'ಟ್ರೂನ್ಯಾಟ್' ಎಂದೋ ಇರುತ್ತದೆ. "ಇದೇನು ಡಾಕ್ಟ್ರೇ, ಸ್ಕ್ಯಾನಿಂಗಾ?" ಎಂದು ಮನೆಯವರು ಕೇಳುತ್ತಾರೆ. ನಿಂತು ಉತ್ತರ ಹೇಳಲು ಹೊರರೋಗಿ ವಿಭಾಗದಲ್ಲಿ ಯಾರಿಗೂ ಪುರುಸೊತ್ತಿರುವುದಿಲ್ಲ. ಸಾಂಕ್ರಾಮಿಕ ರೋಗಗಳ ಸ್ನಾತಕೋತ್ತರ ವ್ಯಾಸಂಗಕ್ಕೆ ಬರುವ ಕಿರಿಯ ವೈದ್ಯರಿಗೆ ಇದೇ ಪರೀಕ್ಷೆಯನ್ನು ಮುಂದಿಟ್ಟುಕೊಂಡು ಅಣ್ವಿಕ ಜೀವವಿಜ್ಞಾನದ, ಅಂದರೆ ಮಾಲಿಕ್ಯುಲರ್ ಬಯಾಲಜಿಯ, ಮೊದಲ ಪಾಠ ಹೇಳುವುದು ನನ್ನ ರೂಢಿ. ಆ ಪಾಠದಲ್ಲಿ ಮನೆಮಂದಿಗೆ ಅರ್ಥವಾಗದ್ದು ಏನೂ ಇಲ್ಲ.

ಕ್ಷಯರೋಗದ ಬ್ಯಾಕ್ಟೀರಿಯವನ್ನು ಜರ್ಮನಿಯ ರಾಬರ್ಟ್ ಕಾಕ್ ಪ್ರಕಟಿಸಿದ್ದು 1882ರ ಮಾರ್ಚ್ 24ರಂದು. ಅಲ್ಲಿಂದ ನೂರು ವರ್ಷಕ್ಕೂ ಹೆಚ್ಚು ಕಾಲ ಪರೀಕ್ಷೆಯೆಂದರೆ ಕಫವನ್ನು ಗಾಜಿನ ಪಟ್ಟಿಯ ಮೇಲೆ ಸವರಿ, ಬಣ್ಣ ಹಾಕಿ, ಸೂಕ್ಷ್ಮದರ್ಶಕದಲ್ಲಿ ನೋಡುವುದು. ಇದು ಅಗ್ಗ, ಸರಳ. ಆದರೆ ಒಂದು ಮಿಲಿಲೀಟರ್ ಕಫದಲ್ಲಿ ಐದರಿಂದ ಹತ್ತು ಸಾವಿರ ಕ್ಷಯಾಣುಗಳಾದರೂ ಇಲ್ಲದಿದ್ದರೆ ಕಣ್ಣಿಗೆ ಬೀಳುವುದು ಕಷ್ಟ. ಇನ್ನೊಂದು ಹಾದಿ ಕ್ಷಯಾಣುವನ್ನು ಪ್ರಯೋಗಾಲಯದಲ್ಲಿ ಬೆಳೆಸುವುದು. ಇದು ಹೆಚ್ಚು ಖಚಿತ. ಆದರೆ ನಮ್ಮ ಕರುಳಿನ ಸಾಮಾನ್ಯ ಬ್ಯಾಕ್ಟೀರಿಯ ಇಪ್ಪತ್ತು ನಿಮಿಷಕ್ಕೊಮ್ಮೆ ಎರಡಾದರೆ, ಈ ಸೋಮಾರಿ ಕ್ಷಯಾಣುವಿಗೆ ಎರಡಾಗಲು ಸುಮಾರು ಒಂದು ದಿನ ಬೇಕು. ಗಟ್ಟಿ ಮಾಧ್ಯಮದ ಮೇಲೆ ಅದು ಕಾಣುವಷ್ಟು ಬೆಳೆಯಲು ಮೂರರಿಂದ ಎಂಟು ವಾರ. ಯಾವ ಔಷಧಿಗೆ ಬಗ್ಗುತ್ತದೆಂದು ತಿಳಿಯಲು ಮತ್ತಷ್ಟು ವಾರ. ಅಷ್ಟರಲ್ಲಿ ರೋಗಿ ಮನೆಯಲ್ಲೇ ಕೆಮ್ಮುತ್ತಾ ಮಕ್ಕಳೊಂದಿಗೆ ಮಲಗುತ್ತಿರುತ್ತಾನೆ.

ಹೊಸ ಪರೀಕ್ಷೆ ಕ್ಷಯಾಣುವನ್ನು ನೋಡುವುದೂ ಇಲ್ಲ, ಬೆಳೆಸುವುದೂ ಇಲ್ಲ. ಅದರ ಬರಹವನ್ನು ಓದುತ್ತದೆ.

ಪ್ರತಿಯೊಂದು ಜೀವಿಯ ಜೀವಕೋಶದಲ್ಲೂ ಡಿ.ಎನ್.ಎ. ಎಂಬ ಉದ್ದನೆಯ ಎಳೆಯಿದೆ. ಅದನ್ನು ಬರೆದಿರುವುದು ಎ, ಟಿ, ಜಿ, ಸಿ ಎಂಬ ನಾಲ್ಕೇ ಅಕ್ಷರಗಳಲ್ಲಿ. ನಮ್ಮ ವರ್ಣಮಾಲೆಯ 49 ಅಕ್ಷರಗಳ ಮುಂದೆ ಇದು ಬಡತನವೆನಿಸಬಹುದು. ಪ್ರಕೃತಿಗೆ ಅಷ್ಟು ಸಾಕಾಗಿದೆ. ಕ್ಷಯಾಣುವಿನ ಪೂರ್ತಿ ಬರಹವನ್ನು ವಿಜ್ಞಾನಿಗಳು 1998ರಲ್ಲಿ ಓದಿ ಮುಗಿಸಿದರು. ಒಟ್ಟು 44 ಲಕ್ಷ ಅಕ್ಷರ. ಪುಟಕ್ಕೆ ಎರಡು ಸಾವಿರದಂತೆ ಅಚ್ಚು ಹಾಕಿದರೆ 2,200 ಪುಟದ ಪುಸ್ತಕ. ಅದರಲ್ಲಿ ಬೇರೆ ಯಾವ ರೋಗಾಣುವಿನಲ್ಲೂ ಇಲ್ಲದ ಸಾಲುಗಳಿವೆ. ಕಫದಲ್ಲಿ ಅಂಥ ಸಾಲು ಸಿಕ್ಕಿತೆಂದರೆ ಕ್ಷಯಾಣು ಸಿಕ್ಕಂತೆಯೇ.

ಆದರೆ ಒಂದೆರಡು ಪ್ರತಿ ಇದ್ದರೆ ಯಾವ ಯಂತ್ರಕ್ಕೂ ಕಾಣದು. ಕೋಟಿಗಟ್ಟಲೆ ಪ್ರತಿ ಬೇಕು. ಅದಕ್ಕೆ ಅಮೆರಿಕದ ಕ್ಯಾರಿ ಮುಲ್ಲಿಸ್ 1983ರಲ್ಲಿ ಒಂದು ಉಪಾಯ ಹೂಡಿದರು. ಅದೇ ಪಿ.ಸಿ.ಆರ್. ಅದಕ್ಕಾಗಿ 1993ರಲ್ಲಿ ನೊಬೆಲ್ ಪಾರಿತೋಷಕವೂ ಬಂತು. ಡಿ.ಎನ್.ಎ.ಯಲ್ಲಿ ಎರಡು ಎಳೆಗಳು ಜಡೆಯಂತೆ ಹೆಣೆದುಕೊಂಡಿರುತ್ತವೆ. 95 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿದರೆ ಜಡೆ ಬಿಚ್ಚುತ್ತದೆ. 60 ಡಿಗ್ರಿಯ ಆಸುಪಾಸಿಗೆ ಆರಿಸಿದಾಗ, ಮೊದಲೇ ಹಾಕಿಟ್ಟ ಚಿಕ್ಕ ಗುರುತಿನ ತುಂಡುಗಳು ನಮಗೆ ಬೇಕಾದ ಸಾಲಿನ ಎರಡು ತುದಿಗಳಿಗೆ ಅಂಟಿಕೊಳ್ಳುತ್ತವೆ. 72 ಡಿಗ್ರಿಗೆ ಏರಿಸಿದರೆ ಒಂದು ಕಿಣ್ವ ಅಲ್ಲಿಂದ ಮುಂದಕ್ಕೆ ಅಕ್ಷರ ಜೋಡಿಸುತ್ತಾ ಹೋಗುತ್ತದೆ. ಎ ಎದುರು ಟಿ, ಜಿ ಎದುರು ಸಿ. ಒಂದು ಸುತ್ತಿಗೆ ಒಂದು ಎರಡಾಯಿತು, ಎರಡನೇ ಸುತ್ತಿಗೆ ನಾಲ್ಕು. ಮೂವತ್ತು ಸುತ್ತು ಮುಗಿಯುವ ಹೊತ್ತಿಗೆ ಲೆಕ್ಕದ ಪ್ರಕಾರ 107 ಕೋಟಿ!

ಮಾಮೂಲಿ ಕಿಣ್ವಗಳು 95 ಡಿಗ್ರಿಯಲ್ಲಿ ಬೆಂದ ಮೊಟ್ಟೆಯ ಬಿಳಿಯಂತೆ ಗಟ್ಟಿಯಾಗಿ ಕೆಟ್ಟುಹೋಗುತ್ತವೆ. ಇಲ್ಲಿ ಬಳಸುವ ಕಿಣ್ವ ಬಂದದ್ದು ಬಿಸಿನೀರಿನ ಬುಗ್ಗೆಯಲ್ಲಿ ಬದುಕುವ ಒಂದು ಬ್ಯಾಕ್ಟೀರಿಯದಿಂದ. 1960ರ ದಶಕದಲ್ಲಿ ಅಮೆರಿಕದ ಯೆಲ್ಲೋಸ್ಟೋನ್ ಉದ್ಯಾನದಲ್ಲಿ ಥಾಮಸ್ ಬ್ರಾಕ್ ಅದನ್ನು ಹೆಕ್ಕಿದಾಗ ಅವರ ತಲೆಯಲ್ಲಿ ಕ್ಷಯರೋಗವೂ ಇರಲಿಲ್ಲ, ಆಸ್ಪತ್ರೆಯೂ ಇರಲಿಲ್ಲ. ಕುದಿಯುವ ನೀರಿನಲ್ಲಿ ಜೀವ ಹೇಗಿರುತ್ತದೆಂಬ ಕುತೂಹಲವಷ್ಟೇ. ಉಪಯೋಗವಿಲ್ಲದ ಸಂಶೋಧನೆ ಎಂದು ಮೂಗು ಮುರಿಯುವವರಿಗೆ ನಾನು ಇದನ್ನು ತಪ್ಪದೆ ಹೇಳುತ್ತೇನೆ.

ಇನ್ನು ಔಷಧಿಯ ಮಾತು. ಕ್ಷಯ ಚಿಕಿತ್ಸೆಯ ಬೆನ್ನೆಲುಬು ರಿಫಾಂಪಿಸಿನ್. ಕ್ಷಯಾಣು ತನ್ನ ಬರಹವನ್ನು ನಕಲು ಮಾಡಿಕೊಂಡು ಪ್ರೋಟೀನು ತಯಾರಿಸಲು ಬಳಸುವ ಒಂದು ಕಿಣ್ವಕ್ಕೆ ಇದು ಹೋಗಿ ಅಡ್ಡ ಕೂರುತ್ತದೆ. ಕೆಲಸ ನಿಂತು ಕ್ಷಯಾಣು ಸಾಯುತ್ತದೆ. ಆ ಕಿಣ್ವದ ವಿವರ ಇರುವ ವಂಶವಾಹಿಗೆ 'ಆರ್‌ಪಿಒಬಿ' ಎಂದು ಹೆಸರು. ಅದರಲ್ಲಿ ಬರೀ 81 ಅಕ್ಷರಗಳ ಒಂದು ತುಣುಕಿದೆ. ಈ ಪತ್ರಿಕೆಯ ಅಂಕಣದಲ್ಲಿ ಮೂರು ನಾಲ್ಕು ಸಾಲು. ರಿಫಾಂಪಿಸಿನ್‌ಗೆ ಬಗ್ಗದ ಕ್ಷಯಾಣುಗಳಲ್ಲಿ ನೂರಕ್ಕೆ ಸುಮಾರು 95ರಲ್ಲಿ ತಪ್ಪು ಇರುವುದು ಈ ತುಣುಕಿನಲ್ಲೇ. ಟಿ-ಸಿ-ಜಿ ಇರಬೇಕಾದಲ್ಲಿ ಟಿ-ಟಿ-ಜಿ ಆದರೆ ಮುಗಿಯಿತು, ಔಷಧಿ ಕೂರುವ ಜಾಗದ ಆಕಾರವೇ ಬದಲಾಗುತ್ತದೆ. ಕನ್ನಡದಲ್ಲಿ 'ಹಾಲು' 'ಹಾಳು' ಆಗಲು ಎಷ್ಟು ಅಕ್ಷರ ಬೇಕು ಹೇಳಿ?

ಇಂಥ ತಪ್ಪನ್ನು ಮಾತ್ರೆ ಹುಟ್ಟಿಸುವುದಿಲ್ಲ. ಕೋಟಿಗಟ್ಟಲೆ ಸಾರಿ ನಕಲು ಮಾಡುವಾಗ ಅದು ತಾನಾಗಿ ಆಗುತ್ತದೆ. ಹತ್ತು ಕೋಟಿ ಕ್ಷಯಾಣುಗಳಲ್ಲಿ ಒಂದು ರಿಫಾಂಪಿಸಿನ್‌ಗೆ, ಹತ್ತು ಲಕ್ಷದಲ್ಲಿ ಒಂದು ಐಸೋನಯಾಜಿಡ್‌ಗೆ ಜಗ್ಗದೆ ಇರಬಹುದು. ಎರಡಕ್ಕೂ ಒಟ್ಟಿಗೆ ಜಗ್ಗದ್ದು ಸಿಗುವುದು ಬಹಳ ಅಪರೂಪ. ಅದಕ್ಕಾಗಿಯೇ ನಾಲ್ಕು ಔಷಧಿಗಳನ್ನು ಒಟ್ಟಿಗೆ ಕೊಡುವುದು. ಒಂದೂವರೆ ತಿಂಗಳಿಗೆ ಕೆಮ್ಮು ನಿಂತಿತೆಂದು ಮಾತ್ರೆ ಬಿಟ್ಟವರ ಶ್ವಾಸಕೋಶದಲ್ಲಿ ಉಳಿದವು ಮತ್ತೆ ಬೆಳೆಯುತ್ತವೆ. ಹೀಗೆ ಬಿಡುವುದು, ಹಿಡಿಯುವುದು, ಇದ್ದಷ್ಟು ಮಾತ್ರೆ ನುಂಗುವುದು ನಡೆದರೆ ಜಗ್ಗದ ಆ ಒಂದಕ್ಕೆ ಅಖಾಡ ತೆರವಾಗುತ್ತದೆ. ಆಮೇಲೆ ಅವರಿಂದ ಹೆಂಡತಿ ಮಕ್ಕಳಿಗೆ ಹರಡುವುದೂ ಅದೇ.

ಸಿಬಿನ್ಯಾಟ್ ಯಂತ್ರ ಈ 81 ಅಕ್ಷರಗಳನ್ನೇ ಪರೀಕ್ಷಿಸುತ್ತದೆ. ಮೊದಲು ಬಂದ ಮಾದರಿಯಲ್ಲಿ ಆ ತುಣುಕಿನ ಉದ್ದಕ್ಕೂ ಅಂಟುವ ಐದು ಬಣ್ಣದ ಶೋಧಕಗಳಿದ್ದವು. ಐದೂ ಬೆಳಗಿದರೆ ಅಕ್ಷರ ಸರಿ. ಯಾವುದೋ ಒಂದು ಬೆಳಗಲಿಲ್ಲವೆಂದರೆ ಅಲ್ಲಿ ತಪ್ಪಿದೆ, ರಿಫಾಂಪಿಸಿನ್ ನಾಟುವುದಿಲ್ಲ. ಎಲ್ಲವೂ ಎರಡು ಗಂಟೆಯೊಳಗೆ. ಮಿಲಿಲೀಟರಿಗೆ ನೂರಮೂವತ್ತರಷ್ಟು ಕ್ಷಯಾಣುಗಳಿದ್ದರೂ ಸಾಕು. ವಿಶ್ವ ಆರೋಗ್ಯ ಸಂಸ್ಥೆ ಇದನ್ನು ಒಪ್ಪಿದ್ದು 2010ರ ಡಿಸೆಂಬರಿನಲ್ಲಿ. ಗೋವಾದಲ್ಲಿ ತಯಾರಾಗುವ, ಬ್ಯಾಟರಿಯಲ್ಲೂ ನಡೆಯುವ ಟ್ರೂನ್ಯಾಟ್‌ಗೆ 2020ರಲ್ಲಿ ಆ ಮನ್ನಣೆ ಸಿಕ್ಕಿತು. ಐಸೋನಯಾಜಿಡ್ ನಾಟುತ್ತದೆಯೇ ಎಂಬುದನ್ನು ಇವು ಹೇಳುವುದಿಲ್ಲ, ಅದಕ್ಕೆ ಎಲ್.ಪಿ.ಎ. ಎಂಬ ಪಟ್ಟಿಯ ಪರೀಕ್ಷೆ ಬೇರೆ ಇದೆ.

ವಿದ್ಯಾರ್ಥಿಗಳು ಇಷ್ಟು ಕೇಳಿದ ಮೇಲೆ ಯಂತ್ರ ಮುಟ್ಟಲು ಕಾತರಿಸುತ್ತಾರೆ. ನಾನು ಬಿಡುವುದಿಲ್ಲ. ಮೊದಲ ದಿನವೆಲ್ಲ ಬರೀ ನೀರು. ಮಿಲಿಲೀಟರಿನ ಸಾವಿರದಲ್ಲೊಂದು ಪಾಲಿನ ಲೆಕ್ಕದಲ್ಲಿ ನೀರನ್ನು ಒಂದು ಕೊಳವೆಯಿಂದ ಇನ್ನೊಂದಕ್ಕೆ ಹಾಕಿ ಕೈ ಪಳಗಿಸಬೇಕು. ಎರಡನೆಯ ದಿನ ಕೈಯಾರೆ ಪಿ.ಸಿ.ಆರ್. ಮಾಡಿಸುವಾಗ ಒಂದು ಕೊಳವೆಗೆ ಬೇಕೆಂದೇ ಕಫದ ಬದಲು ಶುದ್ಧ ನೀರು ಹಾಕಿಸುತ್ತೇನೆ. ಅದರಲ್ಲಿ ಏನೂ ಕಾಣಬಾರದು.

ಒಂದು ತಂಡದಲ್ಲಿ ಆ ನೀರಿನ ಕೊಳವೆಯಲ್ಲೂ ಕ್ಷಯದ ಗೆರೆ ಮೂಡಿತು. ಹುಡುಗರು ಪೆಚ್ಚಾದರು. ನೀರಿಗೆ ಕ್ಷಯವೇ? ಹಿಂದಿನ ದಿನದ ಪ್ರಯೋಗದ ಕೊಳವೆಯನ್ನು ಯಾರೋ ಅದೇ ಮೇಜಿನ ಮೇಲೆ ತೆರೆದಿದ್ದರು. ಕೋಟ್ಯಂತರ ಪ್ರತಿಗಳಿರುವ ಹನಿಯ ಕಣ್ಣಿಗೆ ಕಾಣದ ತುಂತುರು ಕೈಗವಸಿಗೆ ಅಂಟಿ ನೀರಿಗೆ ಬಿದ್ದಿತ್ತು. "ಸರ್, ನೀರಿನದ್ದು ಬಿಡಿ, ಉಳಿದ ಏಳೂ ಚೆನ್ನಾಗಿ ಬಂದಿವೆ," ಎಂದ ಒಬ್ಬ ಜಾಣ. ಆ ಏಳರಲ್ಲಿ ಒಂದು ನಿನ್ನ ತಾಯಿಯ ಕಫವಾಗಿದ್ದರೆ ಆರು ತಿಂಗಳ ಮಾತ್ರೆ ಶುರು ಮಾಡುತ್ತಿದ್ದೆಯಾ ಎಂದು ಕೇಳಿದೆ. ಎಂಟನ್ನೂ ಎಸೆದು ಮತ್ತೆ ಮಾಡಿದರು. ರಾತ್ರಿ ಒಂಬತ್ತಾಯಿತು. ಸಿಬಿನ್ಯಾಟ್‌ನಲ್ಲಿ ಕಫ ಹಾಕಿದ ಮೇಲೆ ಡಬ್ಬಿ ಪೂರ್ತಿ ಮುಚ್ಚಿಯೇ ಇರುತ್ತದೆ, ಎಲ್ಲ ಒಳಗೇ ನಡೆಯುತ್ತದೆ. ಈ ಅಪಾಯ ಅಲ್ಲಿ ಬಹಳ ಕಡಿಮೆ.

ಇನ್ನೊಂದು ಮಿತಿಯನ್ನು ಮನೆಯವರು ತಿಳಿದಿರಬೇಕು. ಸತ್ತ ಕ್ಷಯಾಣುವಿನಲ್ಲೂ ಬರಹ ಹಾಗೆಯೇ ಉಳಿದಿರುತ್ತದೆ. ಮೂರು ತಿಂಗಳು ಮಾತ್ರೆ ತೆಗೆದುಕೊಂಡವರು ವಾಸಿಯಾಯಿತೇ ನೋಡೋಣವೆಂದು ಹಣ ಕೊಟ್ಟು ಇದೇ ಪರೀಕ್ಷೆ ಮಾಡಿಸಿ, 'ಇದೆ' ಎಂದು ಬಂದಾಗ ಎದೆಯೊಡೆದು ಬರುತ್ತಾರೆ. ಗುಣವಾಗುತ್ತಿದೆಯೇ ಎಂದು ನೋಡಲು ಹಳೆಯ ಸೂಕ್ಷ್ಮದರ್ಶಕ ಮತ್ತು ಬೆಳೆಸುವ ಪರೀಕ್ಷೆಯೇ ಸರಿ. ಹಾಗೆಯೇ ರಕ್ತದಲ್ಲಿ ಪ್ರತಿಕಾಯ ನೋಡಿ ಕ್ಷಯ ಹೇಳುವ ಪರೀಕ್ಷೆಗಳನ್ನು ನಮ್ಮ ಸರ್ಕಾರ 2012ರಲ್ಲೇ ನಿಷೇಧಿಸಿದೆ. ಯಾರಾದರೂ ಬರೆದುಕೊಟ್ಟರೆ ಬೇಡವೆನ್ನಿ.

ಯಂತ್ರ ಎಷ್ಟೇ ಚುರುಕಾಗಿರಲಿ, ಡಬ್ಬಿಯಲ್ಲಿ ಎಂಜಲಿದ್ದರೆ ಅದು ಎಂಜಲನ್ನೇ ಓದುತ್ತದೆ. ಬೆಳಿಗ್ಗೆ ಎದ್ದೊಡನೆ ಬರೀ ನೀರಿನಲ್ಲಿ ಬಾಯಿ ಮುಕ್ಕಳಿಸಿ. ಮನೆಯ ಹೊರಗೆ ಗಾಳಿಯಾಡುವ ಕಡೆ ನಿಂತು, ಎರಡು ಮೂರು ಸಲ ದೀರ್ಘವಾಗಿ ಉಸಿರೆಳೆದು, ಎದೆಯಾಳದಿಂದ ಕೆಮ್ಮಿ ಕಫ ತೆಗೆಯಿರಿ. ಒಂದು ಚಹಾ ಚಮಚದಷ್ಟು ಆದರೆ ಒಳ್ಳೆಯದು. ಮುಚ್ಚಳ ಬಿಗಿ ಮಾಡಿ ಅಂದೇ ತಲುಪಿಸಿ. ಚಿಕ್ಕ ಮಕ್ಕಳು ಕಫ ನುಂಗಿಬಿಡುವುದರಿಂದ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಜಠರದಿಂದ ತೆಗೆದು ಪರೀಕ್ಷಿಸಬೇಕಾಗಬಹುದು, ಗಾಬರಿ ಬೇಡ. ಸರ್ಕಾರಿ ಆಸ್ಪತ್ರೆಗಳಲ್ಲಿ ಪರೀಕ್ಷೆಯೂ ಔಷಧಿಯೂ ಉಚಿತ. ಚಿಕಿತ್ಸೆಯಲ್ಲಿರುವವರಿಗೆ ಪೌಷ್ಟಿಕ ಆಹಾರಕ್ಕೆಂದು ಕೇಂದ್ರ ಸರ್ಕಾರ ಕೊಡುತ್ತಿದ್ದ ತಿಂಗಳಿಗೆ 500 ರೂಪಾಯಿ 2024ರ ನವೆಂಬರಿನಿಂದ 1,000 ಆಗಿದೆ. ಬ್ಯಾಂಕ್ ಖಾತೆಯ ವಿವರ ಕೊಡುವುದನ್ನು ಮರೆಯಬೇಡಿ.

ವರದಿ ಕೈಗೆ ಬಂದಾಗ ಎರಡು ಉತ್ತರ ನೋಡಿ. ಒಂದು, ಕ್ಷಯಾಣು ಇದೆಯೇ ಇಲ್ಲವೇ. ಎರಡು, ಇದ್ದರೆ ರಿಫಾಂಪಿಸಿನ್ ನಾಟುತ್ತದೆಯೇ. ನಾಟುವುದಿಲ್ಲವೆಂದಿದ್ದರೆ ಮಾಮೂಲಿ ಮಾತ್ರೆ ನುಂಗುತ್ತಾ ಕೂರದೆ ಜಿಲ್ಲಾ ಕ್ಷಯರೋಗ ಕೇಂದ್ರಕ್ಕೆ ಹೋಗಿ. ಹಿಂದೆ ಒಂದೂವರೆ ಎರಡು ವರ್ಷ ಹಿಡಿಯುತ್ತಿದ್ದ ಆ ಚಿಕಿತ್ಸೆಗೆ ಬದಲಾಗಿ ಆರು ತಿಂಗಳ ಹೊಸ ಕ್ರಮವನ್ನು 2024ರಲ್ಲಿ ನಮ್ಮ ದೇಶವೂ ಒಪ್ಪಿದೆ. ಎರಡನೆಯ ಸಾಲಿನಲ್ಲಿ 'ನಿರ್ಧರಿಸಲಾಗಿಲ್ಲ' ಎಂಬರ್ಥದ ಮಾತಿದ್ದರೆ, ಬಹುತೇಕ ಕಫದಲ್ಲಿ ಕ್ಷಯಾಣು ಕಡಿಮೆಯಿತ್ತೆಂದು ಅರ್ಥ. ಮರುದಿನ ಬೆಳಿಗ್ಗೆ ಇನ್ನೊಂದು ಡಬ್ಬಿ ಕಫ ಕೊಟ್ಟು ಬನ್ನಿ.