ಮಲ್ಲಯ್ಯನ ಕಂಬಿ: ಏಳನೆಯ ತರಗತಿಗೆ ಒಂದು ಪಾಠ

ಘಟಕ: ನಮ್ಮ ಸೀಮೆಯ ಆಚರಣೆಗಳು. ಅವಧಿ: 40 ನಿಮಿಷ. ಬೋಧನೋಪಕರಣ: ದಕ್ಷಿಣ ಭಾರತದ ನಕಾಶೆ, ದಾರ, ಅಳತೆಪಟ್ಟಿ.

ಯುಗಾದಿಗೆ ಮುಂಚೆ ಶ್ರೀಶೈಲಕ್ಕೆ ನಡೆದು ಹೋಗುವವರನ್ನು ಕೊಲ್ಹಾರ, ಬಸವನ ಬಾಗೇವಾಡಿ ಕಡೆಯ ಮಕ್ಕಳು ನೋಡಿಯೇ ಇರುತ್ತಾರೆ. ಆದ್ದರಿಂದ ಪೂರ್ವಜ್ಞಾನಕ್ಕೆ “ಶ್ರೀಶೈಲ ಯಾವ ರಾಜ್ಯದಲ್ಲಿದೆ?” ಎಂದು ಕೇಳಬೇಡಿ. “ಅವರ ಹೆಗಲ ಮೇಲೆ ಏನಿತ್ತು?” ಎಂದು ಕೇಳಿ. ಉತ್ತರ ತಾನಾಗಿ ಬರುತ್ತದೆ: ಕಂಬಿ.

ಹೆಗಲ ಮೇಲೆ ಭಾರ ಹೊರುವ ಕೋಲಿಗೆ ಕನ್ನಡದಲ್ಲಿ ಕಂಬಿ ಎಂಬ ಹೆಸರುಂಟು. ಕಾವಡಿ ಅದರ ಬಳಗದ್ದೇ. ಬಟ್ಟೆ, ಗಂಟೆಗಳಿಂದ ಸಿಂಗರಿಸಿ, ಪೂಜಿಸಿ ಊರಿಂದ ಬೀಳ್ಕೊಟ್ಟ ಮೇಲೆ ಅದು ಬರಿ ಕೋಲಲ್ಲ, ಭಕ್ತರ ಪಾಲಿಗೆ ಮಲ್ಲಯ್ಯನೇ. ಪ್ರಶಿಕ್ಷಣಾರ್ಥಿಗಳು ಇಲ್ಲಿ ನಿಧಾನಿಸಬೇಕು. ಸಾಮಾನು ಹೊರುವ ಸಾಧನ ಪೂಜೆಯ ವಸ್ತು ಆದದ್ದು ಹೇಗೆ ಎಂಬುದೇ ಈ ಪಾಠದ ತಿರುಳು.

ಕಂಬಿಯ ಜೊತೆಗೆ ಸೀರೆ, ಕುಬಸದ ಖಣ, ಬಳೆ, ಕುಂಕುಮವನ್ನೂ ಒಯ್ಯುತ್ತಾರೆ. ಭ್ರಮರಾಂಬೆ ಕನ್ನಡ ನಾಡಿನ ಮನೆಮಗಳು, ಮಲ್ಲಿಕಾರ್ಜುನ ಅಳಿಯ ಎಂಬುದು ನಮ್ಮ ಕಡೆಯ ಭಕ್ತರ ನಂಬಿಕೆ. ಮಗಳ ಮನೆಗೆ ಬರಿಗೈಲಿ ಹೋಗುವುದುಂಟೆ? “ನಿಮ್ಮ ಅಕ್ಕನ ಊರಿಗೆ ಹೋಗುವಾಗ ಅವ್ವ ಏನು ಕಟ್ಟಿ ಕೊಡುತ್ತಾರೆ?” ಎಂದು ಕೇಳಿದರೆ ಯಾವ ಜಾತಿ, ಯಾವ ಧರ್ಮದ ಮನೆಯ ಮಗುವಿಗೂ ಮಾತಾಡಲು ಇಂಬು ಸಿಗುತ್ತದೆ.

ಇನ್ನು ನಕಾಶೆ. ಕೊಲ್ಹಾರದಿಂದ ಶ್ರೀಶೈಲಕ್ಕೆ ದಾರ ಹಿಡಿದು ಅಳೆಯಲಿ. ನೇರ ಗೆರೆಯಲ್ಲೇ 300 ಕಿ.ಮೀ. ದಾಟುತ್ತದೆ. ನಡೆಯುವ ದಾರಿ ಇನ್ನೂ ಉದ್ದ, ಕೊನೆಗೆ ನಲ್ಲಮಲದ ಕಾಡು ಬೇರೆ. ದಿನಕ್ಕೆ 30 ಕಿ.ಮೀ. ನಡೆದರೆ ಎಷ್ಟು ದಿನ? ಲೆಕ್ಕ ಮಕ್ಕಳದು. ಬಳಿಕ ಕೃಷ್ಣೆಯ ಮೇಲೆ ಬೆರಳಾಡಿಸಲಿ. ಕೊಲ್ಹಾರದ ಪಕ್ಕ ಹರಿಯುವ ಹೊಳೆಯೇ ಶ್ರೀಶೈಲದಲ್ಲಿ ಪಾತಾಳಗಂಗೆ ಎನಿಸಿಕೊಳ್ಳುತ್ತದೆ. ಹಳೆಯ ಕೊಲ್ಹಾರ ಆಲಮಟ್ಟಿಯ ಹಿನ್ನೀರಿಗೆ ಹೋದದ್ದನ್ನು ಮಕ್ಕಳು ಇಲ್ಲಿ ಎತ್ತಿಯೇ ಎತ್ತುತ್ತಾರೆ. ಪಾಠಯೋಜನೆಯಲ್ಲಿ ಇಲ್ಲವೆಂದು ತಡೆಯಬೇಡಿ. ಐದು ನಿಮಿಷ ಹೋದರೆ ಹೋಗಲಿ.

ನೈಜ ವಸ್ತುವಿನಿಂದ ಪಾಠ ಗಟ್ಟಿಯಾಗುತ್ತದೆ ಎಂದು ನಾವೇ ಕಲಿಸುತ್ತೇವೆ. ಆದರೂ ಕಂಬಿಯನ್ನು ತರಗತಿಗೆ ತರಿಸುವುದು ಬೇಡವೆಂಬುದು ನನ್ನ ನಿಲುವು. ತಂದರೆ ಒಬ್ಬ ಮಗು ಕೈಮುಗಿಯುತ್ತದೆ, ಇನ್ನೊಂದು ಮುಗಿಯಬೇಕೇ ಬೇಡವೇ ಎಂದು ಸುತ್ತ ನೋಡುತ್ತದೆ. ಆ ನೋಟಕ್ಕೆ ಕಾರಣರಾಗುವ ಹಕ್ಕು ನಮಗಿಲ್ಲ. ಸರ್ಕಾರದ ಹಣದಲ್ಲೇ ನಡೆಯುವ ಶಾಲೆಯಲ್ಲಿ ಧಾರ್ಮಿಕ ಬೋಧನೆ ಸಲ್ಲದೆಂದು ಸಂವಿಧಾನದ 28ನೆಯ ವಿಧಿ ಹೇಳುತ್ತದೆ. ಒಂದು ಆಚರಣೆಯ ಕುರಿತು ತಿಳಿಸುವುದು ಬೇರೆ, ಅದನ್ನು ಮಾಡಿಸುವುದು ಬೇರೆ. ಚಿತ್ರ ಸಾಕು. “ನಿಮ್ಮ ಮನೆಯಿಂದ ಯಾರು ಹೋಗುತ್ತಾರೆ, ಕೈ ಎತ್ತಿ” ಎಂಬ ಪ್ರಶ್ನೆಯೂ ಬೇಡ.

ಮೌಲ್ಯಮಾಪನಕ್ಕೆ ವ್ಯಾಖ್ಯೆ ಬರೆಸದೆ ಮನೆಗೆಲಸ ಕೊಡಿ: ನಡೆದು ಹೋದ ಹಿರಿಯರೊಬ್ಬರನ್ನು ಕಂಡು, ಏನು ಹೊತ್ತು ಹೋದರು, ಏನು ತಂದರು ಎಂದು ಕೇಳಿ ಬರೆಯುವುದು. ಅಂಥವರು ಸಿಗದಿದ್ದರೆ, ದಾರಿಯಲ್ಲಿ ಪಾದಯಾತ್ರಿಗಳಿಗೆ ನೀರು, ಊಟ ಕೊಟ್ಟವರನ್ನು ಮಾತಾಡಿಸಲಿ. ಅವರಂತೂ ಎಲ್ಲ ಓಣಿಗಳಲ್ಲೂ ಸಿಗುತ್ತಾರೆ.