ಮೂವತ್ತು ದಾಟಿದ ಮೇಲೆ ಶುಶ್ರೂಷಾ ವಿದ್ಯಾಭ್ಯಾಸ

ವೈದ್ಯ, ಔಷಧ, ಪರಿಚಾರಕ, ರೋಗಿ ಎಂಬ ನಾಲ್ಕನ್ನು ಚಿಕಿತ್ಸೆಯ ಪಾದಗಳೆಂದು ಎಣಿಸಿದ ಚರಕಸಂಹಿತೆಯು, ಪರಿಚಾರಕನಲ್ಲಿ ಇರತಕ್ಕ ಗುಣಗಳನ್ನೂ ನಾಲ್ಕೆಂದೇ ಹೇಳುತ್ತದೆ: ಉಪಚಾರದ ಅರಿವು, ದಕ್ಷತೆ, ಅನುರಾಗ, ಶುಚಿತ್ವ. ಪಾರ್ಶ್ವವಾಯುವಿನಿಂದ ಹಾಸಿಗೆ ಹಿಡಿದ ಅತ್ತೆಯನ್ನು ವರ್ಷಗಟ್ಟಲೆ ಮಗ್ಗುಲು ಹೊರಳಿಸಿ, ಬೆನ್ನಿಗೆ ಹುಣ್ಣಾಗದಂತೆ ಕಾಪಾಡಿದ ಗೃಹಿಣಿಯಲ್ಲಿ ಈ ನಾಲ್ಕರಲ್ಲಿ ಕೊನೆಯ ಮೂರು ಆಗಲೇ ಸಿದ್ಧಿಸಿರುತ್ತವೆಂದು ನಾನು ನಂಬುತ್ತೇನೆ. ಉಳಿದಿರುವುದು ಮೊದಲನೆಯದೊಂದೇ, ಅದನ್ನು ಮಾತ್ರ ಶಾಸ್ತ್ರೋಕ್ತವಾಗಿ, ಶಾಲೆಯಲ್ಲಿ ಕುಳಿತು, ವಾರ್ಡಿನಲ್ಲಿ ನಿಂತು ಸಂಪಾದಿಸಬೇಕು. ಹಾಗೆ ಸಂಪಾದಿಸಲು ಮನಸ್ಸು ಮಾಡಿದ ಸ್ತ್ರೀಪುರುಷರು ಯಾವ ಕ್ರಮದಲ್ಲಿ ಹೆಜ್ಜೆಯಿಡಬೇಕೆಂಬುದನ್ನು ಇಲ್ಲಿ ತಿಳಿಸುತ್ತೇನೆ. ಏಕೆಂದರೆ ಈ ದಾರಿಯಲ್ಲಿ ಎಡವುವವರು ಬುದ್ಧಿ ಸಾಲದೆ ಎಡವುವುದು ಅಪರೂಪ. ಕ್ರಮ ತಪ್ಪಿ ಎಡವುವುದೇ ಹೆಚ್ಚು.

ಎಲ್ಲಕ್ಕಿಂತ ಮೊದಲು ವಯಸ್ಸನ್ನು ಎಣಿಸಿಕೊಳ್ಳಬೇಕು. ಭಾರತೀಯ ಶುಶ್ರೂಷಾ ಪರಿಷತ್ತಿನ ನಿಯಮದಂತೆ ಎರಡು ವರ್ಷದ ಎಎನ್‌ಎಂ (ಸಹಾಯಕ ನರ್ಸ್ ಮತ್ತು ಸೂಲಗಿತ್ತಿ) ಶಿಕ್ಷಣಕ್ಕೂ ಮೂರು ವರ್ಷದ ಜಿಎನ್‌ಎಂ (ಸಾಮಾನ್ಯ ಶುಶ್ರೂಷೆ ಮತ್ತು ಸೂಲಗಿತ್ತಿ ವಿದ್ಯೆ) ಡಿಪ್ಲೊಮಾಕ್ಕೂ ಸೇರುವವರಿಗೆ 17 ವರ್ಷ ತುಂಬಿರಬೇಕು, 35 ಮೀರಿರಕೂಡದು. ಎಎನ್‌ಎಂ ಮುಗಿಸಿ ನೋಂದಣಿ ಪಡೆದವರು ಮುಂದೆ ಜಿಎನ್‌ಎಂ ಓದಬಯಸಿದರೆ ಅವರಿಗೆ ಮಾತ್ರ ವಯೋಮಿತಿಯ ಅಡ್ಡಿಯಿಲ್ಲ. ಆದುದರಿಂದ ಮೂವತ್ತಮೂರರಲ್ಲಿ ಇರುವವರು ‘ಮಗಳ ಎಸ್‌ಎಸ್‌ಎಲ್‌ಸಿ ಮುಗಿಯಲಿ, ಆಮೇಲೆ ನೋಡೋಣ’ ಎಂದು ಮುಂದೂಡಿದರೆ, ಆ ‘ಆಮೇಲೆ’ ಬರುವ ವೇಳೆಗೆ ಬಾಗಿಲು ಮುಚ್ಚಿರುತ್ತದೆ.

ಎರಡನೆಯದು ಅರ್ಹತೆ. ನಾಲ್ಕು ವರ್ಷದ ಬಿ.ಎಸ್ಸಿ. ನರ್ಸಿಂಗ್ ಪದವಿಗೆ ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರಗಳನ್ನು ಓದಿ, ಸಾಮಾನ್ಯ ವರ್ಗದವರಾದರೆ ಶೇ. 45 ಅಂಕ ಪಡೆದಿರಬೇಕು. ಕಲಾ ವಿಭಾಗದಲ್ಲಿ ಓದಿದವರು ಇದನ್ನು ಕೇಳಿ ನಿರಾಶರಾಗಬೇಕಾಗಿಲ್ಲ; ಜಿಎನ್‌ಎಂಗೆ ಯಾವ ವಿಭಾಗದ ಪಿಯುಸಿಯಾದರೂ ಸಲ್ಲುತ್ತದೆ, ಆದರೆ ಒಟ್ಟಿನಲ್ಲಿಯೂ ಇಂಗ್ಲಿಷಿನಲ್ಲಿ ಪ್ರತ್ಯೇಕವಾಗಿಯೂ ಶೇ. 40 ಇರಬೇಕು. ಜಿಎನ್‌ಎಂ ಮುಗಿಸಿ ನೋಂದಣಿಯಾದವರು ಇನ್ನೆರಡು ವರ್ಷ ಪೋಸ್ಟ್ ಬೇಸಿಕ್ ಬಿ.ಎಸ್ಸಿ. ಓದಿ ಪದವೀಧರರೇ ಆಗಬಹುದಾದ್ದರಿಂದ, ಸಂಸಾರಸ್ಥರಿಗೆ ಈ ದಾರಿಯೇ ಹೆಚ್ಚು ಹಿತವೆಂಬುದು ನನ್ನ ಅಭಿಪ್ರಾಯ. ಎಸ್‌ಎಸ್‌ಎಲ್‌ಸಿಗೇ ನಿಂತುಹೋದವರು ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯ ಮೂಲಕ ಹನ್ನೆರಡನೆಯ ತರಗತಿಗೆ ಸಮನಾದ ಪರೀಕ್ಷೆಯನ್ನು ಮನೆಯಲ್ಲಿಯೇ ಓದಿ ಬರೆಯಬಹುದು. ಅಲ್ಲಿ ಉತ್ತೀರ್ಣರಾಗಲು ಶೇ. 33 ಸಾಕಾದರೂ ನರ್ಸಿಂಗ್ ಶಾಲೆಗೆ ಅದು ಸಾಲದೆಂಬುದನ್ನು ನೆನಪಿಟ್ಟು, ಓದುವಾಗಲೇ ಗುರಿಯನ್ನು ಮೇಲಕ್ಕೆ ಇರಿಸಿಕೊಳ್ಳಬೇಕು.

ಇನ್ನು ಕಾಗದಪತ್ರಗಳ ಮಾತು. ಹತ್ತು ಹದಿನೈದು ವರ್ಷ ಶಾಲೆಯಿಂದ ದೂರವಿದ್ದವರ ಪಾಲಿಗೆ ಪಾಠಕ್ಕಿಂತಲೂ ಇದೇ ಮೊದಲ ಪರೀಕ್ಷೆ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ತಂದೆಯ ಹೆಸರಿನ ಅಕ್ಷರವೂ ಆಧಾರ್ ಚೀಟಿಯಲ್ಲಿ ಗಂಡನ ಹೆಸರೂ ಇದ್ದರೆ, ಎರಡೂ ಒಬ್ಬರದೇ ಹೆಸರೆಂದು ರುಜುವಾತುಪಡಿಸುವ ಹೊಣೆ ಅರ್ಜಿದಾರರ ಮೇಲೆ ಬೀಳುತ್ತದೆ. ಅಂಕಪಟ್ಟಿಯ ಹೆಸರಿಗೆ ಉಳಿದುವನ್ನು ಹೊಂದಿಸಿಕೊಳ್ಳುವುದೇ ಸುಗಮ. ವರ್ಗಾವಣೆ ಪತ್ರ ಕಳೆದಿದ್ದರೆ ಓದಿದ ಕಾಲೇಜಿನಿಂದ ನಕಲು ಪ್ರತಿ ಪಡೆಯುವುದು, ನಡುವಿನ ವರ್ಷಗಳಲ್ಲಿ ಏನು ಮಾಡುತ್ತಿದ್ದಿರೆಂಬುದಕ್ಕೆ ನೋಟರಿಯ ಮುಂದೆ ಪ್ರಮಾಣಪತ್ರ ಬರೆಯಿಸುವುದು, ಜಾತಿ ಮತ್ತು ಆದಾಯ ಪ್ರಮಾಣಪತ್ರಗಳನ್ನು ನಾಡಕಚೇರಿಯಿಂದ ತರುವುದು, ಇವೆಲ್ಲ ಅರ್ಜಿ ಕರೆಯುವುದಕ್ಕೆ ಮುಂಚೆಯೇ ಮುಗಿದಿರಲಿ.

ಶಾಲೆಯನ್ನು ಆರಿಸುವಾಗ ಕಟ್ಟಡವನ್ನು ನೋಡಬೇಡಿರಿ, ಮಾನ್ಯತೆಯನ್ನು ನೋಡಿರಿ. ಕರ್ನಾಟಕದಲ್ಲಿ ಬಿ.ಎಸ್ಸಿ. ಕಾಲೇಜಾದರೆ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಅಥವಾ ಮಾನ್ಯ ಡೀಮ್ಡ್ ವಿಶ್ವವಿದ್ಯಾಲಯದ ಅಧೀನದಲ್ಲಿದೆಯೇ, ಜಿಎನ್‌ಎಂ ಶಾಲೆಯಾದರೆ ರಾಜ್ಯ ಡಿಪ್ಲೊಮಾ ನರ್ಸಿಂಗ್ ಪರೀಕ್ಷಾ ಮಂಡಳಿಯ ಪಟ್ಟಿಯಲ್ಲಿದೆಯೇ, ಕರ್ನಾಟಕ ರಾಜ್ಯ ಶುಶ್ರೂಷಾ ಪರಿಷತ್ತು ಅದನ್ನು ಅಂಗೀಕರಿಸಿದೆಯೇ, ವಿದ್ಯಾರ್ಥಿಗಳು ನಿಜವಾಗಿ ಯಾವ ಆಸ್ಪತ್ರೆಯ ವಾರ್ಡಿಗೆ ಹೋಗುತ್ತಾರೆ ಎಂಬುದನ್ನು ವಿಚಾರಿಸದೆ ಒಂದು ರೂಪಾಯಿಯನ್ನೂ ಕಟ್ಟಕೂಡದು. ಅಂಚೆಯ ಮೂಲಕ ನರ್ಸ್ ಆಗುವುದು ಸಾಧ್ಯವಿಲ್ಲ. ಆರು ತಿಂಗಳ, ಒಂದು ವರ್ಷದ ಪ್ರಮಾಣಪತ್ರಗಳು ಆಸ್ಪತ್ರೆಯಲ್ಲಿ ಸಹಾಯಕರ ಕೆಲಸ ಕೊಡಿಸಬಹುದು. ಪರಿಷತ್ತಿನ ನೋಂದಣಿಯನ್ನು ಕೊಡಿಸಲಾರವು. ಮೂವತ್ತೈದರ ಗಡಿಯಲ್ಲಿ ನಿಂತವರ ಒಂದು ವರ್ಷವನ್ನು ಇಂಥ ಶಾಲೆಗಳು ನುಂಗಿಹಾಕಿದರೆ ಆ ನಷ್ಟವನ್ನು ತುಂಬಿಕೊಡುವವರು ಯಾರೂ ಇಲ್ಲ.

ಹಣದ ವಿಚಾರದಲ್ಲಿ, ವಿದ್ಯಾಲಕ್ಷ್ಮಿ ಜಾಲತಾಣದ ಮೂಲಕ ಬ್ಯಾಂಕಿನ ಶಿಕ್ಷಣ ಸಾಲಕ್ಕೆ ಅರ್ಜಿ ಹಾಕಬಹುದು. ವಿವಾಹಿತರಾದರೆ ತಂದೆತಾಯಿಗಳ ಬದಲು ಪತಿ ಅಥವಾ ಪತ್ನಿ ಜೊತೆಗೆ ಸಹಿ ಹಾಕಬಹುದು.

ಹಣಕ್ಕಿಂತ ಕಠಿನವಾದುದು ಹೊತ್ತು. ಇದು ಸಂಜೆಯ ಶಾಲೆಯಲ್ಲ. ಬೆಳಗಿನ ಡ್ಯೂಟಿಗೆ ಏಳುಗಂಟೆಯ ಸುಮಾರಿಗೆ ಬಿಳಿಯ ಸಮವಸ್ತ್ರದಲ್ಲಿ ವಾರ್ಡ್ ಸೇರಬೇಕಾದ ದಿನಗಳೂ, ರಾತ್ರಿಯೆಲ್ಲ ಎಚ್ಚರವಿರಬೇಕಾದ ದಿನಗಳೂ ಬರುತ್ತವೆ. ಮಕ್ಕಳಿಗೆ ಬೆಳಗಿನ ತಿಂಡಿ ಮಾಡುವವರು ಯಾರು, ಜ್ವರ ಬಂದರೆ ಜೊತೆಗಿರುವವರು ಯಾರು ಎಂಬುದನ್ನು ಮನೆಯವರೆಲ್ಲರೂ ಕುಳಿತು, ಸಂಕೋಚವಿಲ್ಲದೆ, ಸೇರುವ ಮೊದಲೇ ತೀರ್ಮಾನಿಸಿಕೊಳ್ಳಬೇಕು. ಇದರೊಡನೆ ಹೆಪಟೈಟಿಸ್ ಬಿ ಲಸಿಕೆಯನ್ನೂ ಆರಂಭಿಸಿರಿ. ಮೊದಲ ಚುಚ್ಚುಮದ್ದಿನ ಒಂದು ತಿಂಗಳಿಗೆ ಎರಡನೆಯದು, ಆರು ತಿಂಗಳಿಗೆ ಮೂರನೆಯದು ಎಂಬ ಕ್ರಮವಿರುವುದರಿಂದ ತಡಮಾಡಿದರೆ ರಕ್ಷಣೆ ಪೂರ್ಣವಾಗುವ ಮೊದಲೇ ಸೂಜಿಗಳ ನಡುವೆ ಕೆಲಸ ಮಾಡಬೇಕಾದೀತು.

ಓದಿಗೆ ಮನಸ್ಸನ್ನು ಮರಳಿ ಒಗ್ಗಿಸಲು ಎರಡನ್ನು ಹಿಡಿದುಕೊಳ್ಳಿರಿ. ಒಂದು, ದೇಹದ ಅಂಗಗಳ ಇಂಗ್ಲಿಷ್ ಹೆಸರುಗಳು. ಪಾಠವೂ ಕೇಸ್‌ಶೀಟೂ ಆ ಭಾಷೆಯಲ್ಲಿಯೇ ಇರುತ್ತವೆ. ಇನ್ನೊಂದು, ಮರೆತುಹೋದ ಅಂಕಗಣಿತ. ವೈದ್ಯರು 500 ಮಿಲಿಲೀಟರ್ ಡ್ರಿಪ್ಪನ್ನು ನಾಲ್ಕು ಗಂಟೆಗಳಲ್ಲಿ ಇಳಿಸಬೇಕೆಂದು ಬರೆದಿದ್ದಾರೆ, ಕೊಳವೆಯು ಮಿಲಿಲೀಟರಿಗೆ 20 ಹನಿಯದು ಎಂದು ಇಟ್ಟುಕೊಳ್ಳೋಣ. ಐನೂರನ್ನು ಇಪ್ಪತ್ತರಿಂದ ಗುಣಿಸಿದರೆ 10,000 ಹನಿ. ಅದನ್ನು 240 ನಿಮಿಷಗಳಿಂದ ಭಾಗಿಸಿದರೆ ನಿಮಿಷಕ್ಕೆ ಸುಮಾರು 42 ಹನಿ. ತಿಂಗಳ ದಿನಸಿಯ ಲೆಕ್ಕವನ್ನು ಬಾಯಲ್ಲೇ ಹಾಕುವವರಿಗೆ ಇದು ದೊಡ್ಡದಲ್ಲ, ಆದರೆ ಇಲ್ಲಿ ತಪ್ಪಿದರೆ ಅದರ ಫಲವನ್ನು ಉಣ್ಣುವವನು ಹಾಸಿಗೆಯ ಮೇಲಿನ ರೋಗಿ.

ಪರೀಕ್ಷೆ ಮುಗಿದ ಮೇಲೆ ರಾಜ್ಯ ಪರಿಷತ್ತಿನಲ್ಲಿ ಹೆಸರು ನೋಂದಾಯಿಸಿಕೊಂಡ ದಿನದಿಂದಲೇ ನೀವು ಕಾನೂನಿನ ಕಣ್ಣಿನಲ್ಲಿ ನರ್ಸ್. ಆ ದಿನವನ್ನು ಬಯಸುವವರು ಈ ಭಾನುವಾರ ಟ್ರಂಕಿನ ತಳದಿಂದ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯನ್ನು ತೆಗೆದು, ಅದರಲ್ಲಿರುವ ಹೆಸರನ್ನೂ ಹುಟ್ಟಿದ ತಾರೀಖನ್ನೂ ಒಮ್ಮೆ ಸರಿಯಾಗಿ ಓದಿಕೊಳ್ಳಿರಿ.